ಕೆಟ್ಟದ್ದನ್ನು ಬಿಟ್ಟು, ಸರಿಯಿದ್ದ ಪವರ್ ಸಪ್ಲೈ ಕಿತ್ತ ನಿಮ್ಮ ಎಂಜಿನಿಯರ್ ಬಗ್ಗೆ ದೂರು

ಇವರಿಗೆ,
ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಆರು ಸಲ ಫೋನ್ ಮಾಡಿದ್ದೇನೆ. ಆರು ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಇನ್ನು ಫೋನ್ ಮಾಡುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿರುವ 48 ಪೋರ್ಟಿನ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವ ಪೆಟ್ಟಿಗೆ) ನಿಮ್ಮದು. ಅದರ ವಾರ್ಷಿಕ ನಿರ್ವಹಣೆಯ ಗುತ್ತಿಗೆಯೂ (ಎಎಂಸಿ) ನಿಮ್ಮದೇ. ಅದಕ್ಕೆ 715 ವ್ಯಾಟಿನ ಎರಡು ಪವರ್ ಸಪ್ಲೈ. ಒಂದು ಯುಪಿಎಸ್ ಲೈನಿಗೆ, ಇನ್ನೊಂದು ಬೇರೆ ಲೈನಿಗೆ. ಒಂದು ಕೈಕೊಟ್ಟರೆ ಇನ್ನೊಂದು ಹೊರಲಿ ಅಂತ ತಾನೇ ಎರಡು ಇರುವುದು? ಮೂರು ವಾರ್ಡುಗಳ ಫೋನು, ವೈಫೈ ಎಲ್ಲ ಈ ಒಂದು ಪೆಟ್ಟಿಗೆಯಿಂದಲೇ ಕರೆಂಟು ಪಡೆಯುತ್ತವೆ.

ಎರಡನೇ ಪವರ್ ಸಪ್ಲೈನ ದೀಪ ಹಳದಿಗೆ ತಿರುಗಿತು. ಪವರ್ ಕಾರ್ಡ್ (ಕರೆಂಟಿನ ವೈರು) ಬದಲಿಸಿ ನೋಡಿದೆ. ಸಾಕೆಟ್ ಬದಲಿಸಿ ನೋಡಿದೆ. ಹಳದಿ ಹಳದಿಯೇ. ಅಂದರೆ ಆ ಪವರ್ ಸಪ್ಲೈ ಮಾಡ್ಯೂಲೇ ಹೋಗಿದೆ. ಇಷ್ಟನ್ನೂ ಮೊದಲ ಫೋನಿನಲ್ಲೇ ಹೇಳಿದೆ. ಆದರೂ ಪ್ರತಿ ಸಲ ನಿಮ್ಮವರದು ಒಂದೇ ಮಾತು: "ಮೇಡಂ, ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿ." ರೋಗಿಗಳು ಮಲಗಿರುವ ವಾರ್ಡಿನ ಫೋನುಗಳನ್ನು ಸುಮ್ನೆ ಆಫ್ ಮಾಡಿ ನೋಡುವುದಕ್ಕೆ ಆಗುತ್ತದೆಯೇ?

ಆಮೇಲೆ ಕೊರಿಯರ್‌ನಲ್ಲಿ ಬಂದದ್ದು 350 ವ್ಯಾಟಿನದು. ನಮ್ಮ ಸ್ವಿಚ್ ಎಳೆಯುವ ಲೋಡ್ ಸುಮಾರು 430 ವ್ಯಾಟ್. 715ರದು ಅದನ್ನು ಒಂಟಿಯಾಗಿ ಹೊರುತ್ತದೆ. 350ರದು ಹೊರುವುದಿಲ್ಲ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ, ಕಳೆಯುವ ಲೆಕ್ಕ ಬಂದರೆ ಸಾಕು. ವಾಪಸ್ ಕಳಿಸಿದೆ.

ಇನ್ನು ಕಳೆದ ಗುರುವಾರದ ಮಾತು. ಅದನ್ನು ಪೂರ್ತಿ ಬರೆಯುತ್ತೇನೆ. ಪೂರ್ತಿ ಓದಿ.

ನಿಮ್ಮ ಎಂಜಿನಿಯರ್ ಬರುವ ಮೊದಲೇ ಕೆಟ್ಟಿದ್ದ ಮಾಡ್ಯೂಲಿನ ಹಿಡಿಗೆ ಹಳದಿ ಸ್ಟಿಕ್ಕರ್ ಅಂಟಿಸಿ, "ಇದು ಕೆಟ್ಟಿದೆ" ಎಂದು ದಪ್ಪ ಪೆನ್ನಿನಲ್ಲಿ ಬರೆದಿದ್ದೆ. 10:31ಕ್ಕೆ ಅದರ ಫೋಟೊ ತೆಗೆದೆ. ಅವರು ಬಂದರು. ಕೈಗೆ ಮೈಯ ಸ್ಥಿರ ವಿದ್ಯುತ್ ಇಳಿಸುವ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಇಲ್ಲ. ನಾನು ನನ್ನದನ್ನು ಕೊಡಲು ಹೋದೆ, ಬೇಡ ಅಂದರು. ಯಾವ ದೀಪ ಹಸಿರು, ಯಾವುದು ಹಳದಿ ಎಂದು ಬಗ್ಗಿಯೂ ನೋಡಲಿಲ್ಲ. "ಮೊದಲು ಕಾರ್ಡ್ ತೆಗೀರಿ, ಸ್ಟಿಕ್ಕರ್ ಇರೋದನ್ನು ಮಾತ್ರ ಎಳೀರಿ" ಎನ್ನುತ್ತಿದ್ದೆ. ಮಾತು ಮುಗಿಯುವ ಮೊದಲೇ ಪಕ್ಕದ್ದರ ಲ್ಯಾಚ್ ಒತ್ತಿ, ಕಾರ್ಡ್ ಸಮೇತ ಎಳೆದುಬಿಟ್ಟರು.

ಫ್ಯಾನಿನ ಸದ್ದು ನಿಂತುಹೋಯಿತು. 48 ದೀಪಗಳೂ ಒಟ್ಟಿಗೆ ಆರಿದವು. ಒಂಬತ್ತು ವರ್ಷದಿಂದ ಆ ರ್‍ಯಾಕ್ ನೋಡಿಕೊಳ್ಳುತ್ತಿದ್ದೇನೆ. ಅಷ್ಟು ನಿಶ್ಶಬ್ದವಾಗಿ ಅದನ್ನು ಯಾವತ್ತೂ ಕಂಡಿರಲಿಲ್ಲ.

ಗಾಬರಿಯಲ್ಲಿ ಅದನ್ನೇ ಮತ್ತೆ ಒಳಗೆ ತಳ್ಳಿದರು. ಸ್ವಿಚ್ ಏಳಲು ಏಳು ನಿಮಿಷ ಹಿಡಿಯಿತು. ಫೋನುಗಳು ಒಂದೊಂದಾಗಿ ಬರುವುದಕ್ಕೆ ಇನ್ನೂ ನಾಲ್ಕು. ಅಷ್ಟರಲ್ಲಿ ವಾರ್ಡಿನ ಹಿರಿಯ ನರ್ಸ್ ಮೆಟ್ಟಿಲು ಹತ್ತಿ ಓಡಿ ಬಂದಿದ್ದರು. ನಮ್ಮ ಆಡಳಿತಾಧಿಕಾರಿಯೂ ಬಂದರು. ಮುಂದಿನದು ಇವರಿಬ್ಬರ ಎದುರಿಗೇ ನಡೆದದ್ದು.

ಕೆಟ್ಟದ್ದನ್ನು ಕಳಚಿದ ಮೇಲೆ ಹೊಸದು ಗಾಡಿಯಲ್ಲಿದೆ ಎಂದು ನಿಮ್ಮವರು ಕೆಳಗೆ ಹೋದರು. ಬಂದದ್ದು 25 ನಿಮಿಷದ ನಂತರ. ಅಷ್ಟು ಹೊತ್ತೂ ಸ್ಲಾಟ್ ಬಾಯಿ ತೆರೆದುಕೊಂಡೇ ಇತ್ತು. ಮುಚ್ಚಲು ಬ್ಲ್ಯಾಂಕ್ ಕೇಳಿದರೆ ತಂದಿರಲಿಲ್ಲ. ಆ ತೂತಿನಿಂದ ಗಾಳಿ ಅಡ್ಡದಾರಿ ಹಿಡಿದರೆ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಇದು ನಿಮ್ಮದೇ ಕೈಪಿಡಿಯಲ್ಲಿದೆ.

ಹೊಸದರ ಹಿಡಿ ನೀಲಿ. ನಮ್ಮ ಸ್ವಿಚ್‌ನಲ್ಲಿರುವ ಪವರ್ ಸಪ್ಲೈ, ಫ್ಯಾನ್ ಎಲ್ಲದರದೂ ಕೆಂಪು. ನೀಲಿ ಎಂದರೆ ಗಾಳಿ ಉಲ್ಟಾ ಓಡುವ ಮಾಡ್ಯೂಲ್ ಎಂದು ನಿಮ್ಮ ಪೆಟ್ಟಿಗೆಯ ಮೇಲೇ ಅಚ್ಚಾಗಿದೆ. ನಾನು ಅದನ್ನೇ ಹೇಳಿದೆ. ಅವರು ಅದನ್ನು ಸ್ಲಾಟಿಗೆ ತಳ್ಳಿ ಅಂದರು:

"ಹಸಿರು ಬಂತಲ್ಲ ಮೇಡಂ, ಮುಗೀತು."

"ಹಸಿರು ಬಂದರೆ ಕರೆಂಟ್ ಬರ್ತಿದೆ ಅಂತ ಅಷ್ಟೇ. ಗಾಳಿ ಉಲ್ಟಾ ಹೋಗ್ತಿದೆ, ನೋಡಿ."

"ಫ್ಯಾನ್ ತಿರುಗ್ತಿದೆ ಅಲ್ವಾ? ಗಾಳಿ ಯಾವ ಕಡೆ ಹೋದ್ರೇನು?"

ಆಮೇಲೆ ನನ್ನ ಕಡೆ ನೋಡುವುದನ್ನೇ ಬಿಟ್ಟು, ಆಡಳಿತಾಧಿಕಾರಿಯನ್ನು ಕೇಳಿದರು: "ಸಾರ್, ಇಲ್ಲಿ ಟೆಕ್ನಿಕಲ್ ಆಗಿ ಮಾತಾಡೋರು ಯಾರಾದ್ರೂ ಇದ್ದಾರಾ?"

ಆ ಸ್ವಿಚ್ಚನ್ನು ರ್‍ಯಾಕಿಗೆ ಏರಿಸಿದ್ದು ನಾನು. ಅದರ ಪ್ರತಿ ಕೇಬಲ್ಲಿಗೂ ಲೇಬಲ್ ಹಾಕಿದ್ದು ನಾನು. ಎದುರಿಗೇ ನಿಂತಿದ್ದೇನೆ. ನಾನು ಏನೂ ಹೇಳಲಿಲ್ಲ. ಒಂದು ಕಾಗದದ ಚೂರು ಹರಿದೆ. ಪಕ್ಕದ ಹಳೆಯ ಮಾಡ್ಯೂಲಿನ ಜಾಲರಿಯ ಹತ್ತಿರ ಹಿಡಿದೆ, ಪಟಪಟ ಅಂತ ಹೊರಗೆ ಹಾರಿತು. ಹೊಸದರ ಹತ್ತಿರ ಹಿಡಿದೆ, ಜಾಲರಿಗೆ ಕಚ್ಚಿಕೊಂಡು ನಿಂತಿತು. ಪಕ್ಕದ್ದು ಉಗುಳಿದ ಬಿಸಿ ಗಾಳಿಯನ್ನೇ ಇದು ಒಳಗೆ ಎಳೆದುಕೊಳ್ಳುತ್ತಿತ್ತು. ಓಡಿ ಬಂದಿದ್ದ ನರ್ಸ್‌ಗೆ ಅರ್ಥವಾಯಿತು. ನಿಮ್ಮ ಎಂಜಿನಿಯರ್‌ಗೆ ಆಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಹೋಗುವ ಮುಂಚೆ ಸರ್ವಿಸ್ ರಿಪೋರ್ಟ್ ಮುಂದಿಟ್ಟು ಸಹಿ ಹಾಕಿ ಎಂದರು. ಅದರಲ್ಲಿ ಹೀಗಿತ್ತು: "ಗ್ರಾಹಕರು ತಪ್ಪು ಸ್ಲಾಟ್ ತೋರಿಸಿದ್ದರಿಂದ ಸ್ವಿಚ್ ಆಫ್ ಆಯಿತು. ಮಾಡ್ಯೂಲ್ ಬದಲಿಸಲಾಗಿದೆ. ಸಮಸ್ಯೆ ಪರಿಹಾರವಾಗಿದೆ." ನಾನು ಸಹಿ ಹಾಕಲಿಲ್ಲ. ಆದರೂ ಮರುದಿನ ನಿಮ್ಮ ಕಡೆಯಿಂದ ದೂರು ಮುಗಿದಿದೆ ಎಂದು ಮೆಸೇಜ್ ಬಂತು. ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದೂ ಅದರಲ್ಲೇ ಕೇಳಿದ್ದೀರಿ.

ಆ ನೀಲಿ ಮಾಡ್ಯೂಲನ್ನು ಅವತ್ತೇ ನಾನು ಹೊರಗೆ ತೆಗೆದೆ. ಪಕ್ಕದ ಮಾಡ್ಯೂಲಿನ ದೀಪ ಹಸಿರಿದೆಯೇ ನೋಡಿ, ಪಟ್ಟಿ ಕಟ್ಟಿಕೊಂಡು, ಕಾರ್ಡ್ ತೆಗೆದು, ಲ್ಯಾಚ್ ಒತ್ತಿ, ಇನ್ನೊಂದು ಕೈ ಕೆಳಗೆ ಆಸರೆ ಕೊಟ್ಟು. ಒಂದು ಫೋನೂ ಆಫ್ ಆಗಲಿಲ್ಲ. ಸ್ಲಾಟಿಗೆ ಹಳೆಯ ಸ್ವಿಚ್ಚಿನ ಬ್ಲ್ಯಾಂಕ್ ಹಾಕಿದ್ದೇನೆ. ಈಗ ಮೂರು ವಾರ್ಡುಗಳು ಒಂದೇ ಪವರ್ ಸಪ್ಲೈ ಮೇಲೆ ನಿಂತಿವೆ. ಎರಡಕ್ಕೆ ದುಡ್ಡು ಕೊಟ್ಟಿದ್ದೇವೆ.

ಮೂರು ಕೆಲಸ ಆಗಬೇಕು. ಕೆಂಪು ಹಿಡಿಯ 715 ವ್ಯಾಟಿನ ಮಾಡ್ಯೂಲ್ ಬರಬೇಕು. ಅದನ್ನು ಸರಿಯಾಗಿ ಹಾಕಲು ಗೊತ್ತಿರುವವರು ತರಬೇಕು, ಹೋದ ವಾರ ಬಂದವರಲ್ಲ. ಮತ್ತು ಆ ರಿಪೋರ್ಟಿನಲ್ಲಿ ನನ್ನ ಮೇಲೆ ಹೊರಿಸಿದ ಸಾಲನ್ನು ಹೊಡೆದು ಹಾಕಿ, ನಿಜವಾಗಿ ನಡೆದದ್ದನ್ನು ಬರೆದು ಕಳಿಸಬೇಕು. ಈ ಮೂರನೆಯದನ್ನು ನಾನು ಬಿಡುವುದಿಲ್ಲ.

ಸೋಮವಾರ ಸಂಜೆಯವರೆಗೆ ಕಾಯುತ್ತೇನೆ. ಸ್ಟಿಕ್ಕರ್‌ನ ಫೋಟೊ ನನ್ನ ಹತ್ತಿರ ಇದೆ. 10:42ಕ್ಕೆ ಈ ಸ್ವಿಚ್ಚಿನ ಸಂಪರ್ಕ ಕಡಿದದ್ದು ನಮ್ಮ ಮುಖ್ಯ (ಕೋರ್) ಸ್ವಿಚ್ಚಿನ ಲಾಗ್‌ನಲ್ಲಿ ದಾಖಲಾಗಿದೆ. ಸಹಿ ಇಲ್ಲದ ರಿಪೋರ್ಟಿನ ಪ್ರತಿಯೂ ಇದೆ. ನರ್ಸ್ ಮತ್ತು ಆಡಳಿತಾಧಿಕಾರಿ ತಾವು ಕಂಡದ್ದನ್ನು ಬರೆದು ಕೊಟ್ಟಿದ್ದಾರೆ. ಮಂಗಳವಾರ ಬೆಳಿಗ್ಗೆ ಇದೆಲ್ಲ ಖರೀದಿ ಸಮಿತಿಯ ಮೇಜಿನ ಮೇಲಿರುತ್ತದೆ, ಒಂದು ಪ್ರತಿ ವಕೀಲರ ಕೈಯಲ್ಲಿರುತ್ತದೆ. ನಿಮ್ಮ ಎಎಂಸಿ ಮುಂದುವರಿಸಬೇಕೋ ಬೇಡವೋ ಎಂದು ಸಮಿತಿ ಪ್ರತಿ ವರ್ಷ ನನ್ನನ್ನೇ ಕೇಳುತ್ತದೆ. ಟೆಕ್ನಿಕಲ್ ಆಗಿ ಮಾತಾಡುವವಳು ಇಲ್ಲಿ ನಾನೇ.

ಇಂತಿ,
ನೆಟ್‌ವರ್ಕ್ ವಿಭಾಗದ ಉಸ್ತುವಾರಿ