ಮಗಳಿಗೊಂದು ಪತ್ರ: ಅಜ್ಜ ಹೊತ್ತು ತಂದ ಹೊಸ್ತಿಲು

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಜ್ಜ ಕಟ್ಟಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದಮ್ಮಾ?" ಅಂತ. ನನಗೆ ಆಗ ಏನೂ ಹೇಳೋಕೆ ಆಗಲಿಲ್ಲ. ಅಪ್ಪ ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ. ಅವರ ಹೆಸರು ಹೇಳಿ ಬೆರಳು ತೋರಿಸುವಂಥ ಒಂದೂ ಕಟ್ಟಡ ಇಲ್ಲ. ಅವರು ಕಟ್ಟಿಸಿದ್ದು ಮನೆಗಳನ್ನು. ಸಣ್ಣ ಸಣ್ಣ ಮನೆಗಳು, ನವನಗರದಲ್ಲಿ, ಮುಳುಗುವ ಊರಿನ ಜನಕ್ಕೆ.

ನೀನು ಕಂಡಿದ್ದು ನವನಗರವನ್ನೇ, ಸೆಕ್ಟರ್ ನಂಬರ್ ಹೇಳಿದರೆ ಮನೆ ಸಿಗುವ ಊರು. ನಾನು ಬೆಳೆದದ್ದು ಹಳೆ ಬಾಗಲಕೋಟೆಯಲ್ಲಿ, ಕಿಲ್ಲಾ ಅನ್ನೋ ಭಾಗದಲ್ಲಿ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬೇಸಿಗೆಯಲ್ಲೂ ಒಳಗೆ ತಂಪು. ಹೋಳಿ ಬಂತೆಂದರೆ ಹಲಗೆ ಸದ್ದಿಗೆ ನಿದ್ದೆಯೇ ಇಲ್ಲ. ಬಣ್ಣದ ಬ್ಯಾರೆಲ್ ಹೇರಿಕೊಂಡು ಬಂಡಿಗಳು ಬರುತ್ತಿದ್ದವು, ನಾವು ಹುಡುಗಿಯರೆಲ್ಲ ಮಾಳಿಗೆ ಮೇಲೆ ನಿಂತು ಕೊಡಗಟ್ಟಲೆ ಬಣ್ಣ ಸುರಿಯುತ್ತಿದ್ದೆವು.

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಅಪ್ಪ ಆಗಿನ್ನೂ ಶಾಲೆ ಹುಡುಗ. ಅಣೆಕಟ್ಟು ಇರುವುದು ಕೃಷ್ಣೆಗೆ, ಆದರೆ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಒತ್ತಿಕೊಂಡು ನಮ್ಮೂರಿನ ತನಕ ಬರುತ್ತದೆ. 'ಊರು ಮುಳುಗ್ತದಂತೆ' ಅನ್ನೋ ಮಾತು ಕೇಳುತ್ತಲೇ ಅವರು ದೊಡ್ಡವರಾದರು, ಡಿಪ್ಲೊಮಾ ಮಾಡಿದರು, ಪುಣೆಗೆ ಹೋಗಿ ಸೈಟ್ ಮ್ಯಾನೇಜರ್ ಆದರು. ಒಳ್ಳೆ ಸಂಬಳ ಇತ್ತು. ಇಲ್ಲಿ ಹೊಸ ಊರಿನ ಕೆಲಸ ನಡೆದಿದೆ ಅಂತ ಗೊತ್ತಾದ ಮೇಲೆ ಒಂದು ದಿನ ಟ್ರಂಕ್ ಸಮೇತ ಬಂದು ಬಾಗಿಲಲ್ಲಿ ನಿಂತರು. ಸಂಬಳ ಅರ್ಧ ಆಯಿತು, ನಿನ್ನ ಅಜ್ಜಿ ಮೂರು ದಿನ ಮಾತು ಬಿಟ್ಟಳು. ಅಪ್ಪ ಹೇಳಿದ್ದು ಇಷ್ಟೇ: "ನಮ್ ಮಂದಿ ಮನಿ ಐತಿ. ಮತ್ತ್ಯಾರೋ ಹೆಂಗ್ ಕಟ್ತಾರೋ ಏನೋ."

ನಮ್ಮ ಕಡೆಯ ಎರೆಮಣ್ಣು ಗೊತ್ತಲ್ವಾ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಸುಮ್ನೆ ಪಾಯ ಹಾಕಿದರೆ ಗೋಡೆ ಓರೆಯಾಗಿ ಸೀಳುತ್ತದೆ. ಎರೆ ಸಿಕ್ಕ ಕಡೆಯೆಲ್ಲ ಅಪ್ಪ ಗಟ್ಟಿ ನೆಲ ಸಿಗುವ ತನಕ ಅಗೆಸಿ, ಗರಸು ತುಂಬಿಸಿ, ಧಮ್ಮಸು ಹೊಡೆಸುತ್ತಿದ್ದರು. ಸ್ಲ್ಯಾಬ್ ಹಾಕಿದ ದಿನ ಮನೆಗೇ ಬರುತ್ತಿರಲಿಲ್ಲ. ಕಾಂಕ್ರೀಟಿಗೆ ಕಡಿಮೆ ಅಂದರೂ 7 ದಿನ ನೀರು ಬೇಕು, ಈ ಬಿಸಿಲಿಗೆ ಅದೂ ಸಾಲದು ಅಂತ ಗೋಣಿಚೀಲ ಹಾಸಿ, ಬೆಳಿಗ್ಗೆ ಸಂಜೆ ಹೋಗಿ ಕೈಯಲ್ಲಿ ಮುಟ್ಟಿ ಹಸಿ ಇದೆಯಾ ನೋಡುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ.

ಒಂದು ಸಲ ಅವರು ಇಲ್ಲದಾಗ ಕಾಂಕ್ರೀಟ್ ಸಲೀಸಾಗಿ ಹರಿಯಲಿ ಅಂತ ಮಿಶ್ರಣಕ್ಕೆ ನೀರು ಜಾಸ್ತಿ ಸುರಿದುಬಿಟ್ಟಿದ್ದರು. ಹಾಗೆ ಮಾಡಿದರೆ ಆ ನೀರು ಆರಿದ ಮೇಲೆ ಒಳಗೆ ಸಣ್ಣ ಸಣ್ಣ ತೂತು ಉಳಿದು ಬಲವೇ ಹೋಗುತ್ತದೆ. ಅಪ್ಪ ಅವತ್ತು ಸಂಜೆಯೇ ಅದನ್ನೆಲ್ಲ ತೆಗೆಸಿ ಹಾಕಿದರು. ಗುತ್ತಿಗೆದಾರ ಸಿಟ್ಟಾಗಿ ಕೆಲಸದಿಂದ ಬಿಡಿಸಿದ. ನಾಲ್ಕು ತಿಂಗಳು ಮನೆಯಲ್ಲಿ ಕೂತರು, ಒಂದು ದಿನವೂ ತಪ್ಪು ಮಾಡಿದೆ ಅನ್ನಲಿಲ್ಲ.

2000ದಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಯಲ್ಲಿ ಸಮುದ್ರಮಟ್ಟದಿಂದ 519.6 ಮೀಟರ್ ತನಕ ನೀರು ನಿಲ್ಲಿಸಬಹುದು ಅಂದಿತು. ಆಮೇಲೆ ನಮ್ಮ ಓಣಿಯೂ ಖಾಲಿಯಾಯಿತು. ನೀನು ಆಗ ಹೊಟ್ಟೆಯಲ್ಲಿದ್ದೆ. ಜನ ತಮ್ಮ ಮನೆ ತಾವೇ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ತೊಲೆ, ಜಂತಿ, ಬಾಗಿಲು, ಒಳಕಲ್ಲು ಕೂಡ. ಹೊಸ ಮನೆಯ ನಕ್ಷೆಯಲ್ಲಿ ಬಾಗಿಲಿನ ಅಳತೆಯೇ ಬೇರೆ, ಹಳೆ ಬಾಗಿಲು ಕೂರುತ್ತಿರಲಿಲ್ಲ. ನಮ್ಮ ಓಣಿಯ ಒಬ್ಬ ಮುದುಕಿ ಗಂಡ ಮಾಡಿಸಿದ ಚೌಕಟ್ಟು ಹಿಡಿದುಕೊಂಡು ಸೈಟಿನಲ್ಲಿ ಅಳುತ್ತಾ ಕೂತಿದ್ದಳು. ಗೌಂಡಿ, ಈ ಚೌಕಟ್ಟು ಕತ್ತರಿಸಬೇಕು ಅಂದ. ಅಪ್ಪ "ಕಟ್ಟಿಗಿ ಮುಟ್ಟಬ್ಯಾಡ, ಗೋಡಿ ಒಡಿ" ಅಂದರು. ಅವತ್ತೇ ಗೋಡೆ ಒಡೆದು, ಆ ಬಾಗಿಲಿನ ಅಳತೆಗೆ ತಿರುಗಿ ಕಟ್ಟಿಸಿದರು. ಆಮೇಲೆ ಯಾರ ಮನೆ ಶುರು ಮಾಡಿದರೂ ಮೊದಲು ಕೇಳುತ್ತಿದ್ದುದು, ಹಳೆ ಬಾಗಿಲು ತರ್ತೀರಾ ಅಂತ.

ನೀನು ಸಣ್ಣವಳಿದ್ದಾಗ ಕೂತು ಊಟ ಮಾಡುತ್ತಿದ್ದೆಯಲ್ಲ, ನಡುವೆ ಸವೆದು ಗುಳಿ ಬಿದ್ದ ಹೊಸ್ತಿಲು, ಅದು ಕಿಲ್ಲಾದ್ದು. ಅಪ್ಪ ಮತ್ತು ಇಬ್ಬರು ಗೌಂಡಿಗಳು ಹೊತ್ತು ತಂದದ್ದು. ನಮ್ಮ ಮನೆ ಓಣಿಯಲ್ಲಿ ಎಲ್ಲರಿಗಿಂತ ಕೊನೆಗೆ ಕಿತ್ತರು, ನಮ್ಮದೇ ಮೊದಲು ಎದ್ದರೆ ಉಳಿದವರು ಹೆದರುತ್ತಾರೆ ಅಂತ.

ಒಮ್ಮೆ ನಿನ್ನನ್ನೂ ಕರೆದುಕೊಂಡು ಕೂಡಲಸಂಗಮಕ್ಕೆ ಹೋಗಿದ್ದೆವು. ಸುತ್ತ ಹಿನ್ನೀರು, ನಡುವೆ ಬಾವಿಯ ಹಾಗೆ ಕಟ್ಟಿದ ಗೋಡೆ, ಮೆಟ್ಟಿಲಿಳಿದರೆ ಬಸವಣ್ಣನವರ ಐಕ್ಯಲಿಂಗ. ಕೈ ಮುಗಿದ ಮೇಲೆ ಅಪ್ಪ ಆ ಗೋಡೆಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತಿದ್ದರು. ಕಣ್ಣಲ್ಲಿ ನೀರಿತ್ತು. ಇಷ್ಟು ನೀರು ತಡೆದು ಇದೊಂದನ್ನು ಉಳಿಸಿಕೊಂಡರಲ್ಲ ಅಂದರು. ಊರಿನ ಬಗ್ಗೆ ಅವರು ಅತ್ತಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆ ಪಾಯದ ಕಲ್ಲುಗಳು ಮೇಲೆ ಕಾಣುತ್ತವೆ. ಅಪ್ಪ ಪ್ರತಿ ವರ್ಷ ಹೋಗುತ್ತಿದ್ದರು. ಓಣಿಯ ಮೂಲೆಯ ಕಲ್ಲಿನಿಂದ 22 ಹೆಜ್ಜೆ ಎಣಿಸಿ, ಇದು ನಮ್ಮ ಪಡಸಾಲೆ, ಇದು ಅಡುಗೆಮನೆ ಅಂತ ನನಗೆ ತೋರಿಸುತ್ತಿದ್ದರು. ಈ ವರ್ಷ ಒಬ್ಬಳೇ ಹೋಗೋಕೆ ನನಗೆ ಮನಸ್ಸು ಬರುತ್ತಿಲ್ಲ. ಯುಗಾದಿಗೆ ನಾಲ್ಕು ದಿನ ರಜೆ ಹಾಕಿ ಬಾ. ಅಜ್ಜನ ಹೆಜ್ಜೆ ನನ್ನದಕ್ಕಿಂತ ಉದ್ದ, ನಿನ್ನದು ಅವರ ಹಾಗೇ ಇದೆ. ನೀನು ಎಣಿಸು.

ನಿನ್ನ ಅಮ್ಮ