ಕನ್ನಡದ ಬರಹ ಅಕ್ಷರವಾಗಿಯೇ ಹಂಚಿಕೆಯಾಗಲಿ

ಮಾನ್ಯ ಸಂಪಾದಕರೇ,

ಕಳೆದ ಯುಗಾದಿಯ ದಿನ ಬೆಳಗಿನಿಂದ ರಾತ್ರಿಯವರೆಗೆ ನನ್ನ ಮೊಬೈಲಿಗೆ ವಾಟ್ಸಾಪ್‌ನಲ್ಲಿ ಹದಿನೇಳು ಕವಿತೆಗಳು ಬಂದವು. ಹೆಚ್ಚಿನವನ್ನು ನನ್ನ ಹಳೆಯ ವಿದ್ಯಾರ್ಥಿಗಳೇ ಬರೆದಿದ್ದರು. ಎರಡು ಮೂರು ನಿಜಕ್ಕೂ ಚೆನ್ನಾಗಿದ್ದವು. ಹದಿನೇಳರಲ್ಲಿ ಹದಿನೈದು ಚಿತ್ರಗಳಾಗಿ ಬಂದಿದ್ದವು. ಹಿಂದೆ ಮಾವಿನ ತೋರಣ, ಅದರ ಮೇಲೆ ಬಣ್ಣದ ಅಕ್ಷರ, ಕೆಳಗಿನ ಮೂಲೆಯಲ್ಲಿ ಚಿತ್ರ ತಯಾರಿಸಿಕೊಟ್ಟ ಆ್ಯಪ್‌ನ ಗುರುತು. ನನಗೆ ಬಹಳ ಹಿಡಿಸಿದ ಒಂದನ್ನು ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವ ಶಿಷ್ಯನೊಬ್ಬನಿಗೆ ಕಳುಹಿಸಿದೆ. ಅವನಿಗೆ ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅವನ ಫೋನಿನಲ್ಲಿದೆ. ಅದರ ನೆರವಿನಿಂದ ಅವನು ಓದುವಷ್ಟು ಕನ್ನಡವನ್ನು ಕಣ್ಣಿರುವ ನನ್ನ ಬೇರೆ ಶಿಷ್ಯರು ಓದುವುದನ್ನು ನಾನು ಕಂಡಿಲ್ಲ. ಐದು ನಿಮಿಷದೊಳಗೆ ಅವನ ಕರೆ ಬಂತು. "ಮೇಡಂ, ಏನೋ ಕಳಿಸಿದ್ದೀರಿ. ನನ್ನ ಫೋನು 'ಫೋಟೊ' ಅಂತ ಹೇಳಿ ಸುಮ್ಮನಾಯಿತು" ಎಂದ. ಕವಿತೆಯನ್ನು ನಾನೇ ಓದಿ ಹೇಳಿದೆ. ಅವನು ಸಂತೋಷಪಟ್ಟ. ಆದರೆ ಅವನಿಗೆ ಬೇಕೆನಿಸಿದಾಗಲೆಲ್ಲ ಮತ್ತೊಮ್ಮೆ ಓದಿಕೊಳ್ಳುವಂತೆ ಆ ಕವಿತೆ ಅವನ ಬಳಿ ಇಲ್ಲವಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತಿದೆ. ಈ ಪತ್ರ ಬರೆಯಲು ಅದೇ ಕಾರಣ.

ಕನ್ನಡದಲ್ಲಿ ಬರೆದದ್ದನ್ನು ಡಿಜಿಟಲ್ ರೂಪದಲ್ಲಿ ಹಂಚಿಕೊಳ್ಳುವವರೆಲ್ಲರೂ ಅದನ್ನು ಯುನಿಕೋಡ್ (ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ತನ್ನದೇ ಸಂಖ್ಯೆ ಕೊಡುವ ಏಕರೂಪದ ವ್ಯವಸ್ಥೆ) ಅಕ್ಷರಗಳಲ್ಲಿಯೇ ಹಂಚಬೇಕು, ಅದು ಅಂತರ್ಜಾಲದಲ್ಲಿ ತಮ್ಮದೇ ಆದ ಒಂದು ಸ್ಥಿರವಾದ ವಿಳಾಸದಲ್ಲಿ ಇರುವಂತೆ ನೋಡಿಕೊಳ್ಳಬೇಕು, ಅದರ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು ಎಂಬುದು ನನ್ನ ವಿನಂತಿ. ಬ್ಲಾಗ್ ಎಂಬ ಸಾಧನವು ಈ ಮೂರೂ ಅನುಕೂಲಗಳನ್ನು ಹಣ ಕೇಳದೆ ಒದಗಿಸಿಕೊಂಡು ಬಂದಿರುವಾಗ ನಮ್ಮ ಬರಹಗಾರರು, ಅದರಲ್ಲೂ ಹೊಸಬರು, ಅದನ್ನು ಬಿಟ್ಟು ಚಿತ್ರಗಳತ್ತ ಹೊರಳಿರುವುದು ನನಗೆ ಬಹಳ ನೋವಿನ ಸಂಗತಿ.

ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ನಿಜ. ಆದರೆ ಚಿತ್ರವಾದ ಕವಿತೆ ಕಂಪ್ಯೂಟರಿಗೆ ಬರಿಯ ಬಣ್ಣದ ಚುಕ್ಕೆಗಳ ರಾಶಿ. ಅದರೊಳಗಿನ ಒಂದು ಪದವನ್ನು ನೇರವಾಗಿ ಹುಡುಕಲು ಬರುವುದಿಲ್ಲ, ಒಂದು ಸಾಲನ್ನು ಎತ್ತಿ ಬೇರೆಡೆ ಉಲ್ಲೇಖಿಸಲು ಬರುವುದಿಲ್ಲ, ತಪ್ಪಿದ್ದರೆ ತಿದ್ದಲು ಬರುವುದಿಲ್ಲ. ಅರವತ್ತು ದಾಟಿದ ನನ್ನಂಥವರು ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಲು ಹೋದರೆ ಸಾಲಿನ ಅರ್ಧ ಭಾಗ ಪರದೆಯ ಆಚೆಗೆ ಸರಿಯುತ್ತದೆ. ಒಬ್ಬರಿಂದ ಒಬ್ಬರಿಗೆ ದಾಟಿದಂತೆಲ್ಲ ಚಿತ್ರ ಮಸುಕಾಗಿ, ಒತ್ತಕ್ಷರಗಳು ಮುದ್ದೆಯಾಗಿ, ಕೊನೆಗೆ 'ಷ್ಟ' ಯಾವುದು 'ಷ್ಠ' ಯಾವುದು ಎಂದು ಊಹಿಸಬೇಕಾಗುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಕಣ್ಣು ಕಾಣದ ಓದುಗನಿಗೆ ಅಲ್ಲಿ ಕವಿತೆಯೇ ಇಲ್ಲ. ಮುದ್ರಿತ ಪುಸ್ತಕವನ್ನು ಅಂಗವಿಕಲರು ಓದಬಲ್ಲ ರೂಪಕ್ಕೆ ಪರಿವರ್ತಿಸಲು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ದಾರಿ ಮಾಡಿಕೊಡಲಾಯಿತು. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಕಾಗದದ ಮೇಲಿದ್ದದ್ದನ್ನು ಅಕ್ಷರಕ್ಕೆ ತರಲು ಇಷ್ಟು ಹೋರಾಟ ನಡೆದಿರುವಾಗ, ಹುಟ್ಟುವಾಗಲೇ ಅಕ್ಷರವಾಗಿರುವ ಬರಹವನ್ನು ನಾವೇ ಕೈಯಾರೆ ಚಿತ್ರ ಮಾಡುತ್ತಿದ್ದೇವೆ.

ಈ ಅಕ್ಷರ ನಮಗೆ ಸುಲಭವಾಗಿ ದಕ್ಕಿದ್ದಲ್ಲ ಎಂಬುದನ್ನು ಇಂದಿನ ಹುಡುಗರು ತಿಳಿಯಬೇಕು. 1998ರಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಮಾಡಲು ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನುಡಿಯ ಕೀಲಿಮಣೆಯ ಹಿಂದೆ ಕೆ.ಪಿ. ರಾವ್ ಅವರ ವಿನ್ಯಾಸವಿತ್ತು. ಇವರಿಗೆ ನಾಡು ಋಣಿಯಾಗಿದೆ. ಆದರೆ ಅಂದಿನ ಕಂಪ್ಯೂಟರಿಗೆ ಕನ್ನಡ ಅಕ್ಷರಗಳ ಪರಿಚಯವಿಲ್ಲದ ಕಾರಣ, ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ಕೆಲಸ ಸಾಗಿಸಬೇಕಾಗಿತ್ತು. ನುಡಿಯಲ್ಲಿ 'ಕನ್ನಡ' ಎಂದು ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟ್ (ಅಕ್ಷರಗಳ ಆಕೃತಿಗಳಿರುವ ಕಡತ) ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುತ್ತಿದ್ದದ್ದು ಇದು: ದೊಡ್ಡ ಪಿ, ನೆತ್ತಿಯ ಮೇಲೆ ಗೀರು ಎಳೆದ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಗೀರಿನ ಎ. ನಾವು ಲೇಖನದ ಜೊತೆಗೆ ಫಾಂಟನ್ನೂ ಫ್ಲಾಪಿಯಲ್ಲಿ ಹಾಕಿ ಕಳುಹಿಸುತ್ತಿದ್ದ ಕಾಲ ಅದು.

ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿತ್ತು. ಆದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅದು ಕಣ್ಣಿಗೆ ಕಂಡದ್ದು 2001ರ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ, ತುಂಗಾ ಎಂಬ ಫಾಂಟ್‌ನ ಮೂಲಕ. ಅದಕ್ಕೂ ಕಂಟ್ರೋಲ್ ಪ್ಯಾನೆಲ್ ತೆರೆದು, ಚೌಕವೊಂದಕ್ಕೆ ಗುರುತು ಹಾಕಿ, ವಿಂಡೋಸ್‌ನ ಸಿ.ಡಿ. ಹುಡುಕಿ ಹಾಕಬೇಕಿತ್ತು, ಹಾಕದಿದ್ದರೆ ಒತ್ತಕ್ಷರಗಳು ಕಳಚಿಕೊಂಡು ಸಾಲಿನಲ್ಲಿ ಬಿದ್ದಿರುತ್ತಿದ್ದವು. ಬ್ಲಾಗ್ ಬರೆಯಲು ಜಾಗ ಕೊಡುವ ಬ್ಲಾಗರ್ ಎಂಬ ಸೇವೆ 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಸಂಸ್ಥೆಯ ಕೈಸೇರಿತು. ಇಂಥದೇ ಇನ್ನೊಂದು ಸಾಧನವಾದ ವರ್ಡ್‌ಪ್ರೆಸ್ ಹುಟ್ಟಿದ್ದೂ ಅದೇ ವರ್ಷ. ಯುನಿಕೋಡ್ ಮತ್ತು ಬ್ಲಾಗ್ ಎರಡೂ ಕೂಡಿದಾಗ ಕನ್ನಡದಲ್ಲಿ ಒಂದು ಹೊಸ ಬೆಳೆ ಬಂತು. 2005ರಲ್ಲಿ ಓದುಗರೇ ಬರೆಯಬಹುದಾಗಿದ್ದ 'ಸಂಪದ' ಎಂಬ ಕನ್ನಡ ಜಾಲತಾಣ ಆರಂಭವಾಯಿತು. ಮುಂದಿನ ಐದಾರು ವರ್ಷ ಪತ್ರಿಕೆಗಳ ಬಾಗಿಲು ತಟ್ಟಲು ಅಂಜುತ್ತಿದ್ದ ಗೃಹಿಣಿಯರು, ಶಾಲಾ ಶಿಕ್ಷಕರು, ಕ್ಯಾಲಿಫೋರ್ನಿಯದಲ್ಲಿ ಕುಳಿತು ಮಲೆನಾಡಿನ ಮಳೆಯನ್ನು ನೆನೆಯುವ ಎಂಜಿನಿಯರುಗಳು ದಿನಕ್ಕೊಂದರಂತೆ ಬರೆದರು. ಆ ಬರಹಗಳಲ್ಲಿ ಜೊಳ್ಳೂ ಇತ್ತು. ಆದರೆ ಅಡುಗೆ, ಬೇಸಾಯ, ಊರಿನ ಮಾತು, ಸಣ್ಣ ಸಮುದಾಯಗಳ ಆಚರಣೆ ಇವುಗಳ ಬಗ್ಗೆ ಅಲ್ಲಿ ಸಿಗುವ ಕನ್ನಡ ಇಂದಿಗೂ ಬೇರೆಲ್ಲೂ ಸಿಗುವುದಿಲ್ಲ ಎಂದು ನಾನು ದೃಢವಾಗಿ ಹೇಳಬಲ್ಲೆ.

ನಾನೂ 2007ರಲ್ಲಿ ಒಂದು ಬ್ಲಾಗ್ ತೆರೆದೆ. ನಮ್ಮ ಕಡೆ ಬಳಕೆಯಿಂದ ಮರೆಯಾಗುತ್ತಿದ್ದ ಪದಗಳನ್ನು ಬರೆದಿಡುವುದು ನನ್ನ ಉದ್ದೇಶವಾಗಿತ್ತು. 2009ರ ಮಳೆಗಾಲದಲ್ಲಿ 'ಗೊರಬು' ಎಂಬುದರ ಬಗ್ಗೆ ಎರಡು ಪುಟ ಬರೆದಿದ್ದೆ. ನಾಟಿಗೆ ಬಗ್ಗಿದವರ ಬೆನ್ನಿಗೆ ಮಳೆ ತಾಗದಂತೆ ಒಣಗಿದ ಎಲೆಗಳನ್ನು ಹೆಣೆದು ಮಾಡಿದ ಹೊದಿಕೆ ಅದು. ಪ್ಲಾಸ್ಟಿಕ್ ಬಂದ ಮೇಲೆ ಅಟ್ಟ ಸೇರಿತು, ಹೆಣೆಯುವವರೂ ಇಲ್ಲವಾದರು. ನನ್ನ ತಾಯಿ ಅದನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಗದ್ದೆಗೆ ಇಳಿಯುತ್ತಿದ್ದುದನ್ನು, ಅದರ ಮೇಲೆ ಮಳೆ ಬೀಳುವಾಗಿನ ಸದ್ದನ್ನು ನೆನಪಿದ್ದಷ್ಟು ಬರೆದಿದ್ದೆ. ಬರೆದು ಮರೆತೂ ಬಿಟ್ಟಿದ್ದೆ. ಹನ್ನೊಂದು ವರ್ಷಗಳ ಬಳಿಕ ಮಂಗಳೂರಿನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು, ಮಳೆಗಾಲದ ಹಳೆಯ ಉಡುಪುಗಳ ಬಗ್ಗೆ ಪ್ರಬಂಧ ಸಿದ್ಧಪಡಿಸುತ್ತಿದ್ದವಳು, ಗೂಗಲ್‌ನಲ್ಲಿ ಆ ಒಂದೇ ಪದವನ್ನು ಹಾಕಿ ಹುಡುಕಿ ನನ್ನ ಪುಟಕ್ಕೆ ಬಂದು ನನಗೆ ಇಮೇಲ್ ಬರೆದಳು. ಅದನ್ನು ನಾನು ಚಿತ್ರ ಮಾಡಿ ಗುಂಪೊಂದಕ್ಕೆ ಕಳುಹಿಸಿದ್ದರೆ ಮರುದಿನದ 'ಶುಭೋದಯ'ಗಳ ಅಡಿಯಲ್ಲಿ ಅದು ಮುಚ್ಚಿಹೋಗುತ್ತಿತ್ತು. ವಚನ ಸಂಚಯ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಕಣ್ಣಮುಂದೆ ಸಾಲುಗಟ್ಟುವುದನ್ನು ನೋಡಿದವರಿಗೆ ಈ ಮಾತಿನ ಬೆಲೆ ಗೊತ್ತು. ಶ್ರಮಪಟ್ಟು ಆ ವಚನಗಳನ್ನು ಯುನಿಕೋಡಿಗೆ ತಂದವರಿಂದಾಗಿಯೇ ಅದು ಸಾಧ್ಯವಾಯಿತು.

ಆದರೆ ಬ್ಲಾಗ್ ಬರೆದವರೂ ಎಚ್ಚರ ತಪ್ಪಿದ್ದುಂಟು, ನಾನೂ ತಪ್ಪಿದ್ದೇನೆ. ನನ್ನ ಬ್ಲಾಗಿಗಿಂತ ಹೆಚ್ಚು ಓದುಗರಿದ್ದ ಜಾಲತಾಣವೊಂದು ಅಂಕಣ ಬರೆಯಿರಿ ಎಂದು ಕೇಳಿದಾಗ ಒಪ್ಪಿ, ಅವರದೇ ಕಿಟಕಿಯಲ್ಲಿ ನೇರವಾಗಿ ಬೆರಳಚ್ಚು ಮಾಡಿ, ಇಪ್ಪತ್ತೆರಡು ಲೇಖನಗಳನ್ನು ಕೊಟ್ಟೆ. ನನ್ನ ಬಳಿ ಪ್ರತಿ ಇಟ್ಟುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ತಾಣವೇ ತೆರೆಯಲಿಲ್ಲ. ನಡೆಸುತ್ತಿದ್ದವರು ವಾರ್ಷಿಕ ಶುಲ್ಕ ಕಟ್ಟದೆ ಕೈಬಿಟ್ಟಿದ್ದರು, ಬರೆದವರಿಗೆ ಒಂದು ಮಾತು ತಿಳಿಸಿರಲಿಲ್ಲ. ಹಳೆಯ ಜಾಲಪುಟಗಳ ಪ್ರತಿಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ 'ವೇಬ್ಯಾಕ್ ಮಷೀನ್'ನಲ್ಲಿ ಹುಡುಕಿ ಒಂಬತ್ತನ್ನು ಮರಳಿ ಪಡೆದೆ. ಉಳಿದ ಹದಿಮೂರು ಹೋದವು. ದೊಡ್ಡ ಸಂಸ್ಥೆಗಳನ್ನೂ ನಂಬಿ ಕೂರುವಂತಿಲ್ಲ: ಜನ ಬರೆದು ಹಂಚಿಕೊಳ್ಳುತ್ತಿದ್ದ ತಾಣಗಳಾದ ಜಿಯೋಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಬಾಗಿಲು ಹಾಕಿದವು.

ಆದ್ದರಿಂದ ಬ್ಲಾಗ್ ಇರುವವರು ಇವತ್ತೇ ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಲಾಗಿನ ಬ್ಯಾಕಪ್ ಇಳಿಸಿಕೊಳ್ಳುವ ಸೌಲಭ್ಯವಿದೆ, ವರ್ಡ್‌ಪ್ರೆಸ್‌ನಲ್ಲಿ 'ಎಕ್ಸ್‌ಪೋರ್ಟ್' ಎಂಬುದಿದೆ. ಒತ್ತಿದರೆ ವರ್ಷಗಳ ಬರಹವೆಲ್ಲ ಒಂದು ಕಡತವಾಗಿ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಚಿತ್ರಗಳನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು. ಇನ್ನೊಂದು ಚಿಕ್ಕ ವಿಷಯ, ಆದರೆ ಬಹಳ ಜನರಿಗೆ ಗೊತ್ತಿಲ್ಲದ್ದು: ಬ್ಲಾಗರ್‌ನಲ್ಲಿ ಕನ್ನಡದ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸದಲ್ಲಿ ಆ ಶೀರ್ಷಿಕೆಯ ಬದಲು 'ಬ್ಲಾಗ್ ಪೋಸ್ಟ್' ಎಂಬ ಪದವೂ ಒಂದು ಅಂಕಿಯೂ ಬಂದು ಕೂರುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಶೀರ್ಷಿಕೆಯೇ ವಿಳಾಸವಾದರೂ, ಅದನ್ನು ನಕಲು ಮಾಡಿ ಯಾರಿಗಾದರೂ ಕಳುಹಿಸಿದಾಗ ಒಂದೊಂದು ಅಕ್ಷರವೂ ಕನಿಷ್ಠ ಮೂರು ಶೇಕಡಾ ಚಿಹ್ನೆಗಳ ಸರಪಳಿಯಾಗಿ ಹಿಗ್ಗಿ, ನೋಡಿದವರು ಇದೇನೋ ವೈರಸ್ ಎಂದು ಹೆದರುತ್ತಾರೆ. ಪ್ರಕಟಿಸುವ ಮೊದಲೇ ವಿಳಾಸದ ಜಾಗದಲ್ಲಿ 'ಗೊರಬು' ಎಂಬಂಥ ಒಂದು ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಬಿಟ್ಟರೆ ಈ ತೊಡಕು ತಪ್ಪುತ್ತದೆ.

ಚಿತ್ರವಾಗಿ ಏಕೆ ಹಂಚುತ್ತೀರಿ ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದ್ದೇನೆ. "ಅಕ್ಷರವಾಗಿ ಹಾಕಿದರೆ ಕದಿಯುತ್ತಾರೆ ಮೇಡಂ" ಎನ್ನುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಹೆಸರು ಕತ್ತರಿಸಿ ಇನ್ನೊಬ್ಬರ ಕವಿತೆ ಹಂಚುವವರು ಇದ್ದಾರೆ. ಆದರೆ ಚಿತ್ರದ ಕೆಳಗಿನ ಹೆಸರನ್ನು ಬೆರಳಿನಿಂದ ಕತ್ತರಿಸಿ ಹಾಕಲು ಎರಡು ಕ್ಷಣ ಸಾಕು. ಬ್ಲಾಗಿನಲ್ಲಿ ಹಾಗಲ್ಲ, ಇಂಥ ದಿನ ಇಂಥವರು ಇದನ್ನು ಪ್ರಕಟಿಸಿದರು ಎಂಬ ದಾಖಲೆ ಪುಟದ ಮೇಲೇ ಇರುತ್ತದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಬರಹದ ಹಕ್ಕು ಬರೆದವರದು, ಅದನ್ನು ಎಲ್ಲಿಯೂ ನೋಂದಾಯಿಸಬೇಕಾಗಿಲ್ಲ, ಮತ್ತು ಲೇಖಕರ ಮರಣಾನಂತರ ಅರವತ್ತು ವರ್ಷ ಅದು ಉಳಿಯುತ್ತದೆ. ನನ್ನದು ಎಂದು ತೋರಿಸಲು ಬೇಕಾದದ್ದು ದಿನಾಂಕವಿರುವ ಒಂದು ಪುಟ.

ನುಡಿ, ಬರಹಗಳ ಹಳೆಯ ಕಡತಗಳು ಮನೆಯಲ್ಲಿರುವವರಿಗೂ ಒಂದು ಮಾತು. ಅವುಗಳನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು, ಏಕೆಂದರೆ ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ ಸಾಧನವು ಅವುಗಳನ್ನೂ ಕನ್ನಡವೆಂದೇ ಭಾವಿಸಿ ಕಲಸುಮೇಲೋಗರ ಮಾಡಿಬಿಡುತ್ತದೆ. ರಾಜ್ಯ ಸರ್ಕಾರವು ಯುನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಹೀಗಿದ್ದೂ ಸುತ್ತೋಲೆ, ಆದೇಶಗಳನ್ನು ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಜಾಲತಾಣಕ್ಕೆ ಏರಿಸುವ ಪದ್ಧತಿ ಕಚೇರಿಗಳಲ್ಲಿ ಇನ್ನೂ ಉಳಿದಿದೆ. ಅದೂ ಚಿತ್ರವೇ.

ಕೊನೆಯದಾಗಿ ತಮ್ಮಲ್ಲಿ ಒಂದು ಬೇಡಿಕೆ. ತಮ್ಮ ಭಾನುವಾರದ ಪುರವಣಿಯ ಕತೆ, ಕವಿತೆ, ಪ್ರಬಂಧಗಳು ಇ-ಪೇಪರ್‌ನಲ್ಲಿ ಪುಟದ ಚಿತ್ರವಾಗಿ ಸಿಗುತ್ತವೆ. ಆದರೆ ಜಾಲತಾಣದಲ್ಲಿ ಅವೆಲ್ಲವೂ ಅಕ್ಷರರೂಪದಲ್ಲಿ ಸಿಗುವುದಿಲ್ಲ. ಸಿಕ್ಕಿದ ಕೆಲವನ್ನು ನಾನು ಕೊಂಡಿ ಸಮೇತ ಗುರುತು ಮಾಡಿಟ್ಟುಕೊಂಡಿದ್ದೆ. ತಾಣದ ವಿನ್ಯಾಸ ಬದಲಾದ ಮೇಲೆ ಆ ಕೊಂಡಿಗಳು 'ಪುಟ ಲಭ್ಯವಿಲ್ಲ' ಎನ್ನುತ್ತಿವೆ. ಮುದ್ರಣಕ್ಕೆ ಹೋಗುವ ಬರಹ ತಮ್ಮ ಕಚೇರಿಯಲ್ಲಿ ಹೇಗೂ ಅಕ್ಷರವಾಗಿಯೇ ಇರುತ್ತದಲ್ಲವೇ? ಅದನ್ನು ಲೇಖಕರ ಹೆಸರು, ದಿನಾಂಕಗಳೊಂದಿಗೆ ಜಾಲತಾಣಕ್ಕೂ ಏರಿಸುವ, ಮುಂದೆ ವಿನ್ಯಾಸ ಬದಲಿಸುವಾಗ ಹಳೆಯ ವಿಳಾಸಗಳು ಹೊಸ ಪುಟಕ್ಕೆ ದಾರಿ ತೋರಿಸುವಂತೆ ಮಾಡುವ ಏರ್ಪಾಡನ್ನು ದಯವಿಟ್ಟು ಮಾಡಿಸಬೇಕು. ಈ ಪತ್ರ ಪ್ರಕಟಣೆಗೆ ಯೋಗ್ಯವೆನಿಸಿದರೆ ಇದನ್ನೂ ಹಾಗೆಯೇ ಹಾಕಿಸಬೇಕೆಂದು ಕೋರುತ್ತೇನೆ. ಅದರ ಕೊಂಡಿಯನ್ನು ಹುಬ್ಬಳ್ಳಿಗೆ ಕಳುಹಿಸಬೇಕಾಗಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಉಪನ್ಯಾಸಕಿ, ಸಾಗರ