ಮಕ್ಕಳ ಅಡ್ರಿನಲ್ ಗಡ್ಡೆ: ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರ

ಮಾನ್ಯ ಸಂಪಾದಕರೇ,

ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದು, ಅಡ್ರಿನಲಿನ್ ಬಗೆಯ ಹಾರ್ಮೋನುಗಳನ್ನು ಮಿತಿಮೀರಿ ಸುರಿಸುವ ಫಿಯೋಕ್ರೋಮೊಸೈಟೋಮಾ ಎಂಬ ಗಡ್ಡೆ ಮಕ್ಕಳಲ್ಲಿ ಬಲು ಅಪರೂಪ. ಅರಿವಳಿಕೆ ತಜ್ಞೆಯಾದ ನನ್ನನ್ನು ಇಂಥ ಮಕ್ಕಳ ಹೆತ್ತವರು ತಪ್ಪದೇ ಕೇಳುವ ಪ್ರಶ್ನೆಯೊಂದಿದೆ: 'ಗಡ್ಡೆ ಇದೆಯೆಂದು ಗೊತ್ತಾದ ಮೇಲೂ ಎರಡು ವಾರ ಏಕೆ ಕಾಯಿಸುತ್ತೀರಿ?'

ಆ ಎರಡು ವಾರವೂ ಚಿಕಿತ್ಸೆಯೇ. ಶಸ್ತ್ರಚಿಕಿತ್ಸಕರ ಕೈ ಸೋಕಿದೊಡನೆ ಗಡ್ಡೆಯಿಂದ ಹಾರ್ಮೋನು ನುಗ್ಗಿ ರಕ್ತದೊತ್ತಡ ಕ್ಷಣಾರ್ಧದಲ್ಲಿ ಅಪಾಯದ ಮಟ್ಟಕ್ಕೇರಬಹುದು. ಗಡ್ಡೆಯಿಂದ ಹೊರಡುವ ರಕ್ತನಾಳವನ್ನು ಕಟ್ಟಿದ ಬೆನ್ನಿಗೇ ಅಷ್ಟೇ ವೇಗದಲ್ಲಿ ಕುಸಿಯಲೂಬಹುದು. ಮಗುವಿನ ದೇಹ ಇದನ್ನು ತಾಳಿಕೊಳ್ಳಲೆಂದು ಸಾಮಾನ್ಯವಾಗಿ 10ರಿಂದ 14 ದಿನ ಮೊದಲೇ ಪ್ರಜೋಸಿನ್, ಡಾಕ್ಸಜೋಸಿನ್ ಅಥವಾ ಫಿನಾಕ್ಸಿಬೆಂಜಮೈನ್‌ನಂತಹ, ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಆಲ್ಫಾ ಬ್ಲಾಕರ್ ಆರಂಭಿಸಿ, ಪ್ರಮಾಣವನ್ನು ಮೆಲ್ಲಗೆ ಏರಿಸುತ್ತೇವೆ. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಬೇಕಾದರೆ ಅದು ಆಮೇಲೆಯೇ. ಕ್ರಮ ತಪ್ಪಿದರೆ ರಕ್ತನಾಳಗಳು ಇನ್ನಷ್ಟು ಬಿಗಿದು ಒತ್ತಡ ಏರುತ್ತದೆ.

ಒಂಬತ್ತು ವರ್ಷದ ಹುಡುಗನೊಬ್ಬನ ತಾಯಿ, ಮಗನ ಮೂಗು ಕಟ್ಟಿದ್ದನ್ನು ಕಂಡು ಮಾತ್ರೆ ಒಗ್ಗಲಿಲ್ಲವೆಂದು ಎರಡು ದಿನ ಅದನ್ನು ನಿಲ್ಲಿಸಿಬಿಟ್ಟಿದ್ದರು. ಮೂಗು ಕಟ್ಟುವುದು ಆ ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತೆಂದು ನಾವು ಯಾರೂ ಅವರಿಗೆ ಹೇಳಿರಲಿಲ್ಲ, ತಪ್ಪು ನಮ್ಮದೇ. ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಾಯಿತು. 'ಬಿಪಿ ಇರೋ ಮಗುಗೆ ಉಪ್ಪು ಹಾಕಿದ ಮಜ್ಜಿಗೆ ಚೆನ್ನಾಗಿ ಕುಡಿಸಿ ಅಂತೀರಲ್ಲ ಮೇಡಂ' ಎಂದು ಅವರು ಅಂಜುತ್ತಲೇ ಕೇಳಿದ್ದೂ ನೆನಪಿದೆ. ಬಹುಕಾಲ ಬಿಗಿದುಕೊಂಡ ನಾಳಗಳೊಳಗೆ ರಕ್ತದ ಪ್ರಮಾಣವೇ ಕುಗ್ಗಿರುತ್ತದೆ. ಮಾತ್ರೆಯಿಂದ ಅವು ಸಡಿಲವಾದಾಗ ತುಂಬಿಕೊಳ್ಳಲು ನೀರೂ ಉಪ್ಪೂ ಬೇಕು. (ಉಳಿದ ಬಿಪಿ ರೋಗಿಗಳು ಇದನ್ನು ಅನುಸರಿಸಬಾರದು.)

ಗಡ್ಡೆ ಹೊರಬಂದ ಮೇಲೂ ಮೊದಲ ಒಂದೆರಡು ದಿನ ಬಿಪಿಯ ಜೊತೆಗೆ ರಕ್ತದ ಸಕ್ಕರೆಯನ್ನೂ ಮತ್ತೆ ಮತ್ತೆ ನೋಡುತ್ತಿರಬೇಕು. ಹಾರ್ಮೋನು ತಡೆಹಿಡಿದಿದ್ದ ಇನ್ಸುಲಿನ್ ಒಮ್ಮೆಲೇ ಹೊಮ್ಮಿ ಸಕ್ಕರೆ ಕುಸಿಯಬಹುದು. ಆಗಿನ ತೂಕಡಿಕೆಯನ್ನು ಅರಿವಳಿಕೆಯ ಮಂಪರೆಂದು ನಾವು ಸುಮ್ಮನಿದ್ದರೆ ಮಗುವಿನ ಮಿದುಳಿಗೇ ಕುತ್ತು.

ಇಂಥ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಹೆತ್ತವರ ಕೈಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯನ್ನಾದರೂ ಕೊಡಲಿ ಎಂಬುದು ನನ್ನ ಕೋರಿಕೆ. ಮೂಗು ಕಟ್ಟಿದರೂ, ಎದ್ದು ನಿಂತಾಗ ತಲೆ ಸುತ್ತಿದರೂ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಫೋನ್ ಮಾಡಬೇಕೆಂದು ಅದರಲ್ಲಿರಲಿ. ಮಕ್ಕಳಲ್ಲಿ ಈ ಗಡ್ಡೆ ಅನೇಕ ಸಲ ವಂಶವಾಹಿಯ ದೋಷದಿಂದ ಬರುವುದರಿಂದ, ಒಡಹುಟ್ಟಿದವರ ತಪಾಸಣೆಯ ಬಗ್ಗೆ ವೈದ್ಯರನ್ನು ಕೇಳಿ ಎಂಬ ಸಾಲೂ ಇರಲಿ.

– ಓರ್ವ ಅರಿವಳಿಕೆ ತಜ್ಞೆ, ಮೈಸೂರು